ಮೂರೂ ಕಾಲು ಬೆರಳು

ನಮ್ಮೂರಿನಲ್ಲಿ ಬೆಳಗ್ಗೆ ಕಣ್ಣು ಬಿಟ್ಟವರು ಮೊದಲು ಕೇಳುವುದು ಹಾಲು ಬಂತೇ ಎಂದಲ್ಲ, ಗಂಟೆ ಎಷ್ಟು ಹೊಡೆಯಿತು ಎಂದು. ಸೂರ್ಯ ಹುಟ್ಟುವ ಹೊತ್ತಿಗೆ ತಾಂತ್ರಿಕ ಶಾಲೆಯ ಗೋಪುರದಲ್ಲಿ ಅಂದಿನ ಭಾರವನ್ನು ಅಳೆದು, ಅಷ್ಟು ಪೆಟ್ಟು ಗಂಟೆ ಬಾರಿಸುತ್ತಾರೆ. ಹದಿನಾರು ಪೆಟ್ಟು ಬಿದ್ದರೆ ಅದು ಹದಿನಾರಾಣೆ ದಿನ. ಅಂದು ಎಲ್ಲ ಊರುಗಳ ಹಾಗೆ ನಮ್ಮದೂ ಒಂದು ಊರು. ಮೂಟೆ ಮೂಟೆಯಷ್ಟೇ ಭಾರ, ಮನುಷ್ಯ ಮನುಷ್ಯನಷ್ಟೇ ಭಾರ. ಹನ್ನೆರಡು ಬಿದ್ದರೆ ಎಲ್ಲವೂ ಮುಕ್ಕಾಲು ಭಾರ, ಎಂಟು ಬಿದ್ದರೆ ಅರ್ಧ. ಇಪ್ಪತ್ತು ದಾಟಿತೆಂದರೆ ಹೆಂಗಸರು ಒಲೆಯ ಮೇಲಿನ ಸಾರಿನ ಪಾತ್ರೆ ಇಳಿಸಲು ಗಂಡನನ್ನು ಕೂಗುತ್ತಾರೆ, ಗಂಡ ಮಗ್ಗುಲು ಬದಲಿಸುತ್ತಾನೆ. ಬೆಳಗ್ಗೆ ಬಂದ ಭಾರ ಮಾರನೆಯ ಬೆಳಗಿನವರೆಗೆ ಅಲುಗುವುದಿಲ್ಲ. ಅಷ್ಟರ ಮಟ್ಟಿಗೆ ಅದು ಮರ್ಯಾದಸ್ಥ.

ಹುಟ್ಟಿದಂದಿನಿಂದ ಹೀಗೇ ಇರುವುದರಿಂದ ನಮಗೆ ಇದೇನೂ ದೊಡ್ಡ ವಿಷಯವಲ್ಲ. ಬೀರು, ರುಬ್ಬುವ ಕಲ್ಲು, ಹೊಸ ಬಾಗಿಲುವಾಡ, ಇವನ್ನೆಲ್ಲ ಹಗುರ ದಿನ ಸಾಗಿಸುತ್ತೇವೆ. ಆವತ್ತು ಜಗಳ ಆಡಬಾರದೆಂದು ಹಿರಿಯರು ಹೇಳುತ್ತಾರೆ, ಏಕೆಂದರೆ ತಳ್ಳಿದವನೂ ಹಿಂದಕ್ಕೆ ಹೋಗಿ ಬೀಳುತ್ತಾನೆ. ಭಾರದ ದಿನ ಕ್ಷೌರದಂಗಡಿ ಮುಚ್ಚಿರುತ್ತದೆ. ಕತ್ತಿ ಹಿಡಿದ ಕೈ ತನಗೇ ಗೊತ್ತಿಲ್ಲದೆ ಕೆಳಗೆ ಜಾರುವ ದಿನ ಕುತ್ತಿಗೆ ಒಡ್ಡುವವರಾರು?

ನಾನು ಆ ತಾಂತ್ರಿಕ ಶಾಲೆಯಲ್ಲಿ ಫಿಟ್ಟಿಂಗ್ ಮೇಷ್ಟ್ರು. ಹೆಸರು ಮುದ್ದಯ್ಯ. ಎಂಟನೇ ಕ್ಲಾಸು ಮುಗಿಸಿದ ಮಕ್ಕಳು ಮೂಗು ಒರೆಸಿಕೊಳ್ಳುತ್ತಾ ನಮ್ಮಲ್ಲಿಗೆ ಬರುತ್ತಾರೆ, ಮೂರು ವರ್ಷಕ್ಕೆ ಅರ ಹಾಕುವುದು, ಬೆಸೆಯುವುದು, ನಕ್ಷೆ ಬರೆಯುವುದು, ಲೆಕ್ಕ ಕಟ್ಟುವುದು ಕಲಿತು ಹೋಗುತ್ತಾರೆ. ಅವರಲ್ಲಿ ಚುರುಕಾದವರಿಗೆ ಹೊರಗಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಮೊದಲ ದಿನದ ಮೊದಲ ಪಾಠ ಮೂವತ್ತು ವರ್ಷದಿಂದ ನನ್ನದೇ. ಒಂದು ಕೈಯಲ್ಲಿ ಎರಡು ತಟ್ಟೆಯ ತಕ್ಕಡಿ, ಇನ್ನೊಂದು ಕೈಯಲ್ಲಿ ಸ್ಪ್ರಿಂಗಿನ ಕೊಕ್ಕೆ ತೂಕ ಹಿಡಿದು ಹೇಳುತ್ತೇನೆ: "ನೋಡ್ರಪ್ಪಾ, ತಕ್ಕಡಿಗೆ ಇವತ್ತು ಯಾವ ದಿನ ಅಂತ ಗೊತ್ತಿಲ್ಲ. ಆ ಕಡೆ ಕಲ್ಲೂ ಹಗುರ, ಈ ಕಡೆ ಅಕ್ಕಿನೂ ಹಗುರ, ಮುಳ್ಳು ನೆಟ್ಟಗೇ ನಿಂತಿರುತ್ತೆ. ಈ ಕೊಕ್ಕೆ ಇದೆಯಲ್ಲ, ಇದು ದಿನ ನೋಡಿ ಮಾತಾಡೋ ಗಿರಾಕಿ." ಅದಕ್ಕೇ ಕೊಕ್ಕೆ ತೂಕದ ಮುಖದ ಸುತ್ತ ಒಂದು ಹಿತ್ತಾಳೆ ಬಳೆ ಇರುತ್ತದೆ. ಬೆಳಗ್ಗೆ ಗಂಟೆ ಕೇಳಿ ಆ ಬಳೆಯನ್ನು ಅಂದಿನ ಆಣೆಗೆ ತಿರುಗಿಸಿಟ್ಟರೆ ಆಮೇಲೆ ಅದು ನಿಜವನ್ನೇ ತೋರಿಸುತ್ತದೆ. ತೂಗುವವರೇ ಬಳೆ ತಿರುಗಿಸಬೇಕು, ಬೇರೆಯವರು ಮುಟ್ಟಕೂಡದು. ಇದು ನಿಯಮ. ಇದನ್ನೂ ನಾನೇ ಹೇಳಿಕೊಡುತ್ತೇನೆ. ಮುಂದೆ ಆದದ್ದಕ್ಕಾಗಿ ಈ ಮಾತು ನೆನಪಿನಲ್ಲಿರಲಿ.

ಆ ವರ್ಷ ಕೊನೆಯ ತರಗತಿಯಲ್ಲಿ ಚಂಪಾ ಎಂಬ ಹುಡುಗಿ ಇದ್ದಳು. ಹದಿನಾರು ವರ್ಷ, ಕಡ್ಡಿಯಂಥ ಮೈ, ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಅಜ್ಜಿ ದೊಡ್ಡತಾಯಮ್ಮನದು ಮಂಡಕ್ಕಿ ಭಟ್ಟಿ. ಕಾದ ಮರಳಲ್ಲಿ ಅಕ್ಕಿ, ಕಡಲೆ ಹುರಿದು ಮಾರುವ ಮನೆ. ಮನೆಯವರು ಮೊದಲೇ ಹೇಳಿಬಿಟ್ಟಿದ್ದರು, ಮೂರು ವರ್ಷ ಓದು, ನಾಲ್ಕನೆಯ ವರ್ಷ ಪಾಸಾದರೆ ಕಾಲೇಜು, ಇಲ್ಲದಿದ್ದರೆ ಭಟ್ಟಿಯ ಮುಂದೆ ಜರಡಿ. ಇನ್ನೊಂದು ವರ್ಷದ ಮಾತೇ ಇಲ್ಲ. ಹಾಗಾಗಿ ಚಂಪಾ ನಮ್ಮ ಶಾಲೆಯಲ್ಲಿ ಓದುತ್ತಿರಲಿಲ್ಲ, ಹಸಿದವರು ಅನ್ನ ಉಣ್ಣುವ ಹಾಗೆ ಉಣ್ಣುತ್ತಿದ್ದಳು. ಕೊಕ್ಕೆಯ ಬಳೆಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. "ಬಳೆ ಸವೆದಿದೆ ಸಾರ್, ಜಾರುತ್ತೆ. ನಂಗೆ ನನ್ನ ಲೆಕ್ಕ ಸಾಕು" ಎಂದು ಅದನ್ನು ಯಾವಾಗಲೂ ಹದಿನಾರಕ್ಕೇ ಇಟ್ಟು, ಅಂದಿನ ಆಣೆಯನ್ನು ತಲೆಯಲ್ಲೇ ಗುಣಿಸಿ ಭಾಗಿಸಿ ಹೇಳುತ್ತಿದ್ದಳು. ತಪ್ಪಿದ್ದನ್ನು ನಾನು ನೋಡಿಲ್ಲ. ಬಾಯಿಬಿಟ್ಟು ಹೇಳುತ್ತಿರಲಿಲ್ಲವಾದರೂ ಅವಳೆಂದರೆ ನನಗೆ ಒಂದು ತೂಕ ಹೆಚ್ಚೇ.

ನಮ್ಮಲ್ಲಿ ಕೊನೆಯ ವರ್ಷದವರು ಊರಿಗೆ ಬಳಕೆಯಾಗುವ ಒಂದು ವಸ್ತು ಮಾಡಿಕೊಡಬೇಕು, ಅದೇ ಪರೀಕ್ಷೆ. ಚಂಪಾ ಮತ್ತು ಅವಳ ಜೊತೆಗಾರ ಖಲೀಲ್ ಆರಿಸಿಕೊಂಡದ್ದು ಸೇತುವೆ. ಊರನ್ನು ಮೇಲುಪೇಟೆ, ಕೆಳಪೇಟೆ ಎಂದು ಸೀಳಿಕೊಂಡು ಒಂದು ಕಮರಿ ಇದೆ. ಅಗಲ ಇಪ್ಪತ್ತನಾಲ್ಕು ಅಡಿ, ಆಳ ಮೂರಾಳು. ಸುತ್ತಿ ಹೋದರೆ ನಾಲ್ಕು ಮೈಲಿ. ಎಂಟಾಣೆಗಿಂತ ಕಡಿಮೆಯ ದಿನ ಬಂದರೆ ಹರೆಯದವರು ಹಾರುಗಲ್ಲಿನ ಮೇಲಿಂದ ಓಡಿಬಂದು ಜಿಗಿದು ಆಚೆ ಇಳಿಯುತ್ತಾರೆ, ನಾನೂ ಒಂದು ಕಾಲದಲ್ಲಿ ಹಾರಿದವನೇ. ಮೊಣಕಾಲು ಹೋದವರಿಗೆ ಮಾತ್ರ ಆ ಕಮರಿ ಸಮುದ್ರ. ದೊಡ್ಡತಾಯಮ್ಮನ ತಂಗಿ ಚಿಕ್ಕತಾಯಮ್ಮ ಆಚೆ ದಡದಲ್ಲಿದ್ದಳು. ಹನ್ನೊಂದು ವರ್ಷದಿಂದ ಅಕ್ಕತಂಗಿಯರು ದಿನಾ ಸಂಜೆ ಎರಡು ದಡದಲ್ಲಿ ಕೂತು ಕೂಗಿ ಮಾತಾಡುತ್ತಿದ್ದರು. "ಉಪ್ಪಿಟ್ಟಿಗೆ ಸಾಸಿವೆ ಹಾಕ್ದ್ಯೇನೇ?" ಎಂದು ಇವಳು ಕೂಗಿದರೆ, "ಸೊಸೆ ಮರೆತ್ಲು ಕಣಕ್ಕಾ!" ಎಂದು ಅವಳು ಕೂಗುತ್ತಿದ್ದಳು, ಸೊಸೆಯ ಸಮೇತ ಊರೆಲ್ಲ ಕೇಳಿಸಿಕೊಳ್ಳುತ್ತಿತ್ತು.

ಮಕ್ಕಳು ಎಂಟು ತಿಂಗಳು ದುಡಿದರು. ಹೊನ್ನೆಯ ತೊಲೆ, ಅಡಿಯಲ್ಲಿ ತ್ರಿಕೋನ ತ್ರಿಕೋನವಾಗಿ ಕಬ್ಬಿಣದ ಕಂಬಿ, ಒಂದೊಂದು ಬೋಲ್ಟಿಗೂ ಚಂಪಾಳ ಪುಸ್ತಕದಲ್ಲಿ ಒಂದೊಂದು ಸಾಲು. ಇಪ್ಪತ್ತು ಜನ ಒಟ್ಟಿಗೆ ನಡೆದರೂ ಹೊರಬೇಕು ಎಂದು ಲೆಕ್ಕ. ಪರೀಕ್ಷೆಗೆ ಜನರ ಬದಲು ಮರಳು ಮೂಟೆ, ಮೂಟೆಗೆ ಇಪ್ಪತ್ತು ಕಿಲೋದಂತೆ ಅರವತ್ತು. ಸಂಜೆ ಹೇರಿದರೆ ಮಾರನೆಯ ಬೆಳಗಿನ ಗಂಟೆಯವರೆಗೆ ಭಾರ ಅಲ್ಲೇ ಇರಬೇಕು, ಹೊಸ ದಿನ ಎಷ್ಟಾಣೆಯಾದರೂ ಸರಿ. ಆ ದಿನ ಬದಲಾಗುವ ಗಳಿಗೆಯಲ್ಲಿ ಕಟ್ಟಿದವರು ಅದರ ಕೆಳಗೆ ನಿಂತಿರಬೇಕು. ಇದು ನಮ್ಮ ಶಾಲೆ ಶುರುವಾದಂದಿನಿಂದ ಬಂದ ಪದ್ಧತಿ. ನಲವತ್ತು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ. ಕೆಳಗೆ ನಿಲ್ಲಬೇಕೆಂದು ಗೊತ್ತಿದ್ದವರು ಒಂದು ಬೋಲ್ಟನ್ನೂ ಸಡಿಲ ಬಿಡುವುದಿಲ್ಲವಲ್ಲ.

ಮೂಟೆ ತುಂಬಿ ಕೊಕ್ಕೆಯಲ್ಲಿ ತೂಗಿದ್ದು ಒಂದು ಹನ್ನೆರಡಾಣೆ ದಿನ. ಹಗುರ ದಿನ ಬಿಟ್ಟು ಮರಳು ಹೊರುವ ಮೂರ್ಖರು ನಮ್ಮೂರಲ್ಲಿಲ್ಲ. ಆವತ್ತು ಬೆಳಗ್ಗೆ ಗಂಟೆ ಕೇಳಿ ನಾನು ವರ್ಕ್‌ಶಾಪಿನ ಬಾಗಿಲು ತೆಗೆದಾಗ ಕೊಕ್ಕೆ ತೂಕ ಗೂಟದಲ್ಲಿ ತೂಗುತ್ತಿತ್ತು, ಬಳೆ ಹದಿನಾರರಲ್ಲಿತ್ತು. ಅಯ್ಯೋ, ಇಂಥ ದಿನವೇ ಹುಡುಗಿ ಮರೆತಳಲ್ಲ, ಎಂದುಕೊಂಡೆ. ಅವಳ ಹಟ ಆ ಗಳಿಗೆಯಲ್ಲಿ ನನ್ನ ನೆನಪಿಗೇ ಬರಲಿಲ್ಲ. ಪ್ರೀತಿಯಿಂದ ಬಳೆಯನ್ನು ಹನ್ನೆರಡಕ್ಕೆ ತಿರುಗಿಸಿಟ್ಟು, ನಮ್ಮ ಮನೆಯ ರುಬ್ಬುವ ಕಲ್ಲು ಸಾಗಿಸಲು ಹೋದೆ. ಯಾರಿಗೂ ಹೇಳಲಿಲ್ಲ.

ಸಂಜೆ ವಾರಗಟ್ಟಲೆ ಮುಂಚೆಯೇ ಬರಹೇಳಿದ್ದ ಪರೀಕ್ಷಕರು ಬಸ್ಸಿಂದ ಇಳಿದರು. ಅವರ ಊರಲ್ಲಿ ವರ್ಷವಿಡೀ ಹದಿನಾರಾಣೆಯಂತೆ, ಪಾಪ. ಹನ್ನೆರಡಾಣೆಯ ನೆಲಕ್ಕೆ ಕಾಲಿಟ್ಟವರು ಎರಡು ಹೆಜ್ಜೆ ತೂರಾಡಿ ನನ್ನ ಭುಜ ಹಿಡಿದುಕೊಂಡರು. "ಏನ್ರೀ ಇದು, ಹೊಟ್ಟೆಯೊಳಗೆ ಯಾರೋ ಉಯ್ಯಾಲೆ ಆಡಿದ ಹಾಗಾಗ್ತಿದೆ" ಎಂದರು. ನಿಂಬೆಹಣ್ಣು ಕೊಟ್ಟೆವು. ಮೂಟೆಗಳನ್ನು ಹೇರಿದ್ದಾಯಿತು. ಮಾರನೆಯ ಬೆಳಗ್ಗೆ ಚಂಪಾ, ಖಲೀಲ್ ಕಮರಿಗೆ ಇಳಿದು ಸೇತುವೆಯಡಿ ನಿಂತರು, ಗಂಟೆ ಹದಿನಾರು ಹೊಡೆಯಿತು, ಸೇತುವೆ ಜಪ್ಪಯ್ಯ ಎನ್ನಲಿಲ್ಲ. ಅದರ ನಡುಮಧ್ಯದಿಂದ ಒಂದು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟಿತ್ತು, ಪಕ್ಕದಲ್ಲಿ ಗೆರೆ ಕೊರೆದ ಕೋಲು. ಸೇತುವೆ ಎಷ್ಟು ಬಗ್ಗಿತೋ ಗುಂಡು ಅಷ್ಟು ಇಳಿಯುತ್ತದೆ. ಒಂದೂವರೆ ಬೆರಳು ಇಳಿದಿತ್ತು. ಪರೀಕ್ಷಕರು ಚಂಪಾಳ ಪುಸ್ತಕ ನೋಡಿ, "ನೀನು ಹದಿನಾರಾಣೆಗೆ ಎರಡು ಬೆರಳು ಅಂತ ಬರೆದಿದ್ದೀಯ. ಲೆಕ್ಕಕ್ಕಿಂತ ಗಟ್ಟಿಯಾಗಿದೆ, ಭೇಷ್!" ಎಂದು ಸಹಿ ಹಾಕಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಸಂಜೆಗೆ ಕಾಯಿ ಒಡೆದು ಸೇತುವೆಯನ್ನು ಜನಕ್ಕೆ ಬಿಡುವುದೆಂದು ಆಗಲೇ ಡಂಗುರ ಹೊರಟಿತು.

ಚಂಪಾ ಮಾತ್ರ ಮೈಸೂರು ಪಾಕು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ನಿಂತಿದ್ದಳು.

"ಎರಡು ಬೆರಳು ಇಳೀಬೇಕಿತ್ತು ಸಾರ್."

"ಕಡಿಮೆ ಇಳಿದ್ರೆ ಒಳ್ಳೇದೇ ಅಲ್ವೇನಮ್ಮಾ?"

"ಒಳ್ಳೇದಲ್ಲ ಸಾರ್. ಕಡಿಮೆ ಇಳಿದಿದೆ ಅಂದ್ರೆ ನಂಗೆ ಗೊತ್ತಿಲ್ಲದ್ದು ಏನೋ ಅದ್ರಲ್ಲಿದೆ ಅಂತ."

ಅಷ್ಟರಲ್ಲಿ ಹುಡುಗರು ಮೂಟೆಗಳನ್ನು ಇಳಿಸಿ ದಡದಲ್ಲಿ ಒಟ್ಟುತ್ತಿದ್ದರು. ದೊಡ್ಡತಾಯಮ್ಮ ಕೋಲೂರಿಕೊಂಡು ಬಂದಳು. ಒಳ್ಳೆಯ ಹೊಳೆ ಮರಳು, ಭಟ್ಟಿಗೆ ಆದೀತೆಂದು ಒಂದು ಮೂಟೆ ಕೇಳಿದಳು. ಯಾರಾದರೂ ಹೊತ್ತು ತರುತ್ತಾರೆ ಎನ್ನುವಷ್ಟರಲ್ಲಿ ತಾನೇ ಬಗ್ಗಿ, ಹುಂ ಎಂದು ಎತ್ತಿ ಸೊಂಟಕ್ಕೇರಿಸಿಕೊಂಡುಬಿಟ್ಟಳು. ಎಲ್ಲರೂ ನಕ್ಕರು. "ಅಜ್ಜೀ, ಇಪ್ಪತ್ತು ಕಿಲೋ ಎತ್ತಿದ್ಯಲ್ಲಾ!" ಎಂದ ಖಲೀಲ್.

"ಯಾವನೋ ಅವ್ನು ಇಪ್ಪತ್ತು ಅಂದಿದ್ದು? ನಲವತ್ತು ವರ್ಷ ಮರಳು ಹೊತ್ತಿರೋ ಸೊಂಟ ಕಣೋ ಇದು. ಹದಿನೈದು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿ ಇಲ್ಲ."

ಜನ ಇನ್ನೂ ನಗುತ್ತಿದ್ದರು. ನಾನು ಮಾತ್ರ ಮನಸ್ಸಿನಲ್ಲೇ ಭಾಗಿಸಿ ನೋಡಿದೆ. ಇಪ್ಪತ್ತರ ಮುಕ್ಕಾಲು ಹದಿನೈದು, ಎರಡು ಬೆರಳಿನ ಮುಕ್ಕಾಲು ಒಂದೂವರೆ. ಬಳೆ ತಿರುಗಿಸಿದ್ದು ನಾನು. ಅವಳು ತನ್ನ ರೂಢಿಯಂತೆ ತಲೆಯಲ್ಲೇ ಲೆಕ್ಕ ಹಾಕಿ, ಹನ್ನೆರಡಾಣೆಯಲ್ಲಿ ಇಪ್ಪತ್ತು ಕಿಲೋ ಎಂದರೆ ಮುಳ್ಳು ಹದಿನೈದಕ್ಕೆ ಬರಬೇಕು ಎಂದು ಖಲೀಲನಿಗೆ ಹೇಳಿದ್ದಾಳೆ. ಬಳೆ ಆಗಲೇ ತಿದ್ದಿದ್ದನ್ನು ಅವಳ ತಲೆ ಮತ್ತೊಮ್ಮೆ ತಿದ್ದಿತು. ಇಬ್ಬರು ಎಚ್ಚರಿಕೆಯವರು ಸೇರಿ ಮಾಡಿದ ತಪ್ಪು ಇದು. ಅಸಡ್ಡೆಯವರಾಗಿದ್ದರೆ ಆಗುತ್ತಲೇ ಇರಲಿಲ್ಲ.

ಚಂಪಾ ಓಡಿಹೋಗಿ ಶಾಲೆಯ ತಕ್ಕಡಿ ತಂದು ಅಜ್ಜಿಯ ಸೊಂಟದಿಂದ ಮೂಟೆ ಕಸಿದು ತೂಗಿದಳು. ಹದಿನೈದು. ಇನ್ನೊಂದು, ಹದಿನೈದು. ಮೂರನೆಯದನ್ನು ತೂಗದೆ ನೇರ ಪರೀಕ್ಷಕರ ಬಳಿ ಹೋದಳು.

"ಸಾರ್, ಸಹಿ ಹೊಡೆದುಹಾಕಿ. ಪರೀಕ್ಷೆ ಆಗಿಲ್ಲ."

"ಮಗೂ, ಹದಿನೈದೋ ಇಪ್ಪತ್ತೋ, ಸೇತುವೆ ನಿಂತಿದೆ. ನಾಳೆ ಮಧ್ಯಾಹ್ನ ನನ್ನ ಬಸ್ಸು. ನಾಳೆ ಬೆಳಗ್ಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ವರ್ಷ ಹೋಗುತ್ತೆ. ಯೋಚನೆ ಮಾಡು."

"ನಮ್ಮಜ್ಜಿ ಇದ್ರ ಮೇಲೆ ನಡೀತಾಳೆ ಸಾರ್" ಎಂದಳು. ಅಷ್ಟೇ. ಪರೀಕ್ಷಕರು ಅವಳನ್ನೇ ಒಂದು ಕ್ಷಣ ನೋಡಿ, ಪೆನ್ನು ತೆಗೆದು ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು.

ಜನ ಗೊಣಗಿದರು. ಡಂಗುರ ಸಾರಿದ್ದೇನು, ಕಾಯಿ ತಂದಿದ್ದೇನು, ಇವಳ ಜಂಭವೇನು ಎಂದೆಲ್ಲ ಮಾತು ಬಂತು. ನಾನು? ನಾನು ತುಟಿ ಹೊಲಿದುಕೊಂಡು ನಿಂತಿದ್ದೆ. ಮೂವತ್ತು ವರ್ಷ ನಿಯಮ ಹೇಳಿಕೊಟ್ಟವನು ಅದನ್ನೇ ಮುರಿದೆನೆಂದು ಊರ ಮುಂದೆ ಹೇಗೆ ಒಪ್ಪಿಕೊಳ್ಳಲಿ? ಹೇಗೂ ಮತ್ತೆ ತೂಗುತ್ತಾರೆ, ಹೇಗೂ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಒಂದು ಗಂಟೆ ಬಿಟ್ಟು ವರ್ಕ್‌ಶಾಪಿಗೆ ಹೋದರೆ ಚಂಪಾ ಮೆಟ್ಟಿಲ ಮೇಲೆ ಕೂತು ಪುಸ್ತಕದ ಹಾಳೆ ಹಿಂದಕ್ಕೂ ಮುಂದಕ್ಕೂ ಮಗುಚುತ್ತಿದ್ದಳು. ಖಲೀಲ್ ಪಕ್ಕದಲ್ಲಿ ನಿಂತಿದ್ದ. ಅವಳು ಅಳುತ್ತಿರಲಿಲ್ಲ, ಅತ್ತಿದ್ದರೆ ವಾಸಿಯಿತ್ತು.

"ಎಲ್ಲಿ ತಪ್ಪಿದೆ ಅಂತ ಸಿಗ್ತಿಲ್ಲ ಸಾರ್" ಎಂದಳು. "ಇಷ್ಟು ಸಣ್ಣ ಲೆಕ್ಕ. ಹನ್ನೆರಡು ಭಾಗಿಸು ಹದಿನಾರು. ಇದ್ರಲ್ಲೇ ತಪ್ಪಿದೀನಿ, ಎಲ್ಲಿ ಅಂತ್ಲೂ ಕಾಣ್ತಿಲ್ಲ. ಇನ್ನು ಸೇತುವೆ ಲೆಕ್ಕದಲ್ಲಿ ಎಷ್ಟು ತಪ್ಪಿದೀನೋ. ನಾಳೆ ಖಲೀಲನ್ನ ಕೆಳಗೆ ನಿಲ್ಲಿಸ್ಕೋಬಾರ್ದು ಅನ್ಸುತ್ತೆ. ನಾನೊಬ್ಳೇ ನಿಂತ್ಕೋತೀನಿ."

ಆಗ ನನಗೆ ತಡೆಯಲಾಗಲಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಈ ಹುಡುಗಿಗೆ ತನ್ನ ತಲೆಯ ಮೇಲಿದ್ದ ನಂಬಿಕೆಯನ್ನೇ ಕಳೆಯುತ್ತಿದ್ದೆನಲ್ಲ. ಅದು ಹೋದರೆ ಯಾವ ಕಾಲೇಜೂ ತಿರುಗಿ ಕೊಡುವುದಿಲ್ಲ.

"ನಿನ್ನ ಲೆಕ್ಕ ಸರಿ ಇದೆ ಕಣಮ್ಮಾ" ಎಂದೆ. "ಬಳೆ ನಾನು ತಿರುಗಿಸಿದ್ದೆ. ಆವತ್ತು ಬೆಳಗ್ಗೆ. ಮರೆತಿದೀಯ ಅಂದ್ಕೊಂಡೆ."

ಅವಳು ಎದ್ದು ನಿಂತಳು. "ಯಾಕ್ ಸಾರ್ ಹೇಳ್ಲಿಲ್ಲ?"

"ಹೇಳ್ಬೇಕು ಅನ್ನಿಸ್ಲಿಲ್ಲ."

"ಆವಾಗ ಅನ್ನಿಸ್ಲಿಲ್ಲ, ಸರಿ. ಅಜ್ಜಿ ಮೂಟೆ ಎತ್ತಿದಾಗ?"

ಅವಳು ಕೊಕ್ಕೆ ತೂಕವನ್ನು ಗೂಟದಿಂದ ತೆಗೆದು ಬಳೆಯನ್ನು ನೋಡಿದಳು. ಹನ್ನೆರಡರಲ್ಲೇ ಇತ್ತು. ಕೆನ್ನೆಯ ಮೇಲೆ ಎರಡು ಹನಿ ಉರುಳಿದವು, ತೋಳಿಂದ ಒರೆಸಿಕೊಂಡು, "ನಾನೂ ನೋಡ್ಬೇಕಿತ್ತು" ಎಂದಳು. ಆಮೇಲೆ ಪುಸ್ತಕ ತೆಗೆದು ಆ ದಿನದ ಸಾಲಿನ ಪಕ್ಕದಲ್ಲಿ ಬರೆದುಕೊಂಡಳು: ಬಳೆ ನೋಡಲಿಲ್ಲ. ನಾನು ಅದೇ ಪೆನ್ನು ಇಸಿದುಕೊಂಡು ಕೆಳಗೆ ಬರೆದೆ: ಬಳೆ ತಿರುಗಿಸಿದ್ದು ಹೇಳಲಿಲ್ಲ. ಸಹಿ ಹಾಕಿದೆ.

ಅಲ್ಲಿಂದ ನೇರ ಪೇಟೆಗೆ ಹೋಗಿ ಕಟ್ಟೆಯ ಮೇಲೆ ನಿಂತು ಅದನ್ನೇ ಊರಿಗೂ ಹೇಳಿದೆ. ನಗುವವರು ನಕ್ಕರು. ದಿನಸಿ ಅಂಗಡಿಯವನು, "ಮೇಷ್ಟ್ರೇ, ನಿಮ್ಮ ಮೊದಲ ಪಾಠ ನಾನೂ ಕೇಳಿದವನೇ. ಕೊಕ್ಕೆ ಬಿಡಿ, ತಕ್ಕಡಿ ತಗೊಳ್ಳಿ" ಎಂದು ತನ್ನ ಅಂಗಡಿಯ ತಕ್ಕಡಿಯನ್ನೇ ಬಿಚ್ಚಿಕೊಟ್ಟ. ಅವನನ್ನು ನೋಡಿ ಬೆಲ್ಲದವರು, ಹತ್ತಿಯವರು, ಹಳೇ ಕಬ್ಬಿಣದವರು ತಂದರು. ಮಧ್ಯಾಹ್ನದ ಹೊತ್ತಿಗೆ ಕಮರಿಯ ದಡದಲ್ಲಿ ಹನ್ನೊಂದು ತಕ್ಕಡಿ ಸಾಲಾಗಿ ನಿಂತಿದ್ದವು. ಬೆಳಗ್ಗೆ ಗೊಣಗಿದವರೇ ಮೂಟೆಯ ಬಾಯಿ ಹಿಡಿದು ಮರಳು ಸುರಿದರು. ದೊಡ್ಡತಾಯಮ್ಮ ಒಂದೊಂದನ್ನೂ ಸೊಂಟಕ್ಕೆ ಒರಗಿಸಿ ನೋಡಿ, "ಹೂಂ, ಇದು ಇಪ್ಪತ್ತು" ಎಂದ ಮೇಲೇ ಸೇತುವೆಗೆ ಕಳಿಸಿದಳು. ಸಂಜೆಗೆ ಅರವತ್ತನೆಯದೂ ಏರಿತು. ಚಂಪಾ ಕೆಳಗಿಳಿದು ಕೋಲು ನೋಡಿದಳು.

"ಎರಡು ಬೆರಳು!" ಎಂದು ಕೂಗಿದಳು. ಬೆಳಗಿನಿಂದ ಮೊದಲ ಸಲ ಅವಳ ಹಲ್ಲು ಕಂಡವು.

ಮಾರನೆಯ ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ನಾವು ಮೂವರು ಕಮರಿಗೆ ಇಳಿದೆವು. "ಸಾರ್, ನೀವ್ಯಾಕೆ? ಕಟ್ಟಿದವರು ನಿಂತ್ರೆ ಸಾಕು" ಎಂದ ಖಲೀಲ್. ಕೆಡಿಸಿದವರಿಗೂ ಜಾಗ ಇರಲಿ ಎಂದೆ. ನಿಜ ಹೇಳಬೇಕೆಂದರೆ ಮೂವತ್ತು ವರ್ಷದಲ್ಲಿ ನೂರಾರು ಮಕ್ಕಳನ್ನು ಅವರವರ ಕೆಲಸದ ಕೆಳಗೆ ನಿಲ್ಲಿಸಿದ್ದೆ, ನಾನು ಒಮ್ಮೆಯೂ ನಿಂತಿರಲಿಲ್ಲ. ತಲೆಯ ಮೇಲೆ ಸಾವಿರದ ಇನ್ನೂರು ಕಿಲೋ ಮರಳು. ಹಲಗೆಯ ಸಂದಿನಲ್ಲಿ ಬೆಳಕು ಇನ್ನೂ ಬೂದಿ ಬಣ್ಣಕ್ಕಿತ್ತು. ಕೆಳಗೆ ಕಾಲ ಬಳಿ ಸಣ್ಣಗೆ ನೀರು ಹರಿಯುತ್ತಿತ್ತು.

ಮೊದಲು ಬದಲಾದದ್ದು ಆ ನೀರಿನ ಸದ್ದು. ಕುಲುಕುಲು ಎನ್ನುತ್ತಿದ್ದುದು ಒಮ್ಮೆಲೇ ತಗ್ಗಿ ದಪ್ಪನೆಯ ಗುರುಗುರು ಆಯಿತು. ಪೊದೆಯಿಂದ ಹಾರಿದ ಎರಡು ಗುಬ್ಬಿ ಅರ್ಧಕ್ಕೇ ನೆಲಕ್ಕಿಳಿದು ನಡೆಯತೊಡಗಿದವು. ಆಮೇಲೆ ಅದು ನಮ್ಮ ಮೇಲೆ ಬಂತು. ನನ್ನ ಕೆನ್ನೆ ಕೆಳಗೆ ಜೋತುಬಿತ್ತು, ಕನ್ನಡಕ ಮೂಗಿನ ಮೇಲೆ ಒತ್ತಿ ನೋವಾಯಿತು, ಮೊಣಕಾಲು ತಾನಾಗಿ ಮಡಚಿತು. ಐವತ್ತಾರು ವರ್ಷ ಬದುಕಿದವನು ನಾನು, ಇಪ್ಪತ್ತನಾಲ್ಕಾಣೆಗಿಂತ ಹೆಚ್ಚಿನ ದಿನ ನೋಡಿರಲಿಲ್ಲ. ಚಂಪಾಳ ಪುಸ್ತಕದಲ್ಲೂ ಇಪ್ಪತ್ತನಾಲ್ಕೇ ಕೊನೆಯ ಸಾಲು. ಇದು ಅದನ್ನೂ ದಾಟಿ ಬರುತ್ತಿತ್ತು. ನನಗೆ ನಿಜವಾಗಿ ಭಯವಾಯಿತು. ಮನೆದೇವರ ಹೆಸರು ಬಾಯಿಗೆ ಬಂತು.

ಮೇಲೆ ಸೇತುವೆ ನರಳಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಮಲಗಿದ ಎತ್ತು ಏಳುವಾಗ ಉಸಿರು ಬಿಡುವ ಹಾಗೆ. ಕಂಬಿ ಬಿಗಿದು ಸಣ್ಣಗೆ ಮಿಡಿಯಿತು. ಹಲಗೆಯ ಸಂದಿನಿಂದ ಒಂದಿಷ್ಟು ಮರಳು ಸುರಿದು ಕಲ್ಲಿನಂತೆ ನೆಲಕ್ಕೆ ಬಡಿಯಿತು. ಖಲೀಲ್ ಕಣ್ಣು ಮುಚ್ಚಿದ. ನಾನು ಮೇಲೆ ನೋಡುತ್ತಿದ್ದೆ. ಚಂಪಾ ಮೇಲೆ ನೋಡಲಿಲ್ಲ. ಗುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ನೆಲ ಊರಿಕೊಂಡು, ಕೋಲಿನ ಗೆರೆಗಳನ್ನೇ ನೋಡುತ್ತಿದ್ದಳು.

"ಎರಡೂವರೆ" ಎಂದಳು. ಮಾತು ಎಳೆದು ತಂದ ಹಾಗೆ ಬಂತು. "ಮೂರು." ಗುಂಡು ಇನ್ನೂ ಇಳಿಯುತ್ತಿತ್ತು. ಅವಳು ಮುಖವನ್ನು ಕೋಲಿಗೆ ಇನ್ನಷ್ಟು ಹತ್ತಿರ ತಂದಳು. ಆಮೇಲೆ, "ಮೂರೂ ಕಾಲು. ನಿಂತಿತು" ಎಂದಳು. ತುಟಿ ಅಲುಗಿತು, ಬೆರಳಿಗೆ ಎಂಟಾಣೆಯಂತೆ ಗುಣಿಸಿಕೊಂಡಳು. "ಸಾರ್, ಇವತ್ತು ಇಪ್ಪತ್ತಾರಾಣೆ."

ಗಂಟೆ ಇನ್ನೂ ಬಾರಿಸಿರಲಿಲ್ಲ. ಗೋಪುರದಲ್ಲಿದ್ದ ಮಕ್ಕಳು ಆ ಭಾರದಲ್ಲಿ ಸುತ್ತಿಗೆ ಎತ್ತಲು ಒದ್ದಾಡುತ್ತಿದ್ದರಂತೆ. ಕೊನೆಗೂ ಮೊದಲ ಪೆಟ್ಟು ಬಿತ್ತು. ನಾವು ಮೂವರೂ ಎಣಿಸಿದೆವು. ದಡದ ಮೇಲಿದ್ದ ಜನರೂ ಜೋರಾಗಿ ಎಣಿಸುತ್ತಿದ್ದರು. ಹದಿನಾರು ದಾಟಿತು. ಇಪ್ಪತ್ತು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಉದ್ದನೆಯ ಅಂತರ. ಇಪ್ಪತ್ತನಾಲ್ಕು. ಮೇಲೆ ಜನ ಸುಮ್ಮನಾದರು, ಅದರಾಚೆ ಎಣಿಸಿ ಅವರಿಗೆ ರೂಢಿಯಿಲ್ಲ. ಇಪ್ಪತ್ತೈದು. ಇಪ್ಪತ್ತಾರು. ಕಾದೆವು. ಇನ್ನು ಬೀಳಲಿಲ್ಲ.

ನನ್ನ ಮೈ ಜುಮ್ಮೆಂದಿತು. ಇವತ್ತಿಗೂ ನೆನೆದರೆ ಹಾಗೇ ಆಗುತ್ತದೆ. ಆ ಭಾರ ಎಲ್ಲಿಂದ ಬರುತ್ತದೆಂದು ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿ ಬರುವುದಿಲ್ಲ, ಹೇಳಿ ಬರುವುದಿಲ್ಲ. ಅಂಥದ್ದು ಊರಿನ ಮೇಲೆಲ್ಲ ಇಳಿದು ಬಂದು, ಮಂಡಕ್ಕಿ ಭಟ್ಟಿಯ ಮನೆಯ ಹುಡುಗಿಯೊಬ್ಬಳು ಕಟ್ಟಿದ ಲೆಕ್ಕದ ಹತ್ತಿರ ಬಂದಾಗ ಆ ಲೆಕ್ಕ ಹೇಳಿದಷ್ಟೇ ಇಳಿದು, ಗಂಟೆಗೂ ಮೊದಲೇ ತಾನು ಎಷ್ಟಾಣೆ ಎಂದು ಅವಳಿಗೆ ಒಪ್ಪಿಸಿತು. ಮೂವತ್ತು ವರ್ಷ ಲೆಕ್ಕ ಕಲಿಸಿದ್ದೆ. ಲೆಕ್ಕ ಎಂದರೆ ಇದು ಎಂದು ಆವತ್ತು ಕಂಡೆ. ಕೈ ಮುಗಿಯೋಣವೆಂದರೆ ಕೈ ಮೇಲಕ್ಕೆ ಬರಲಿಲ್ಲ, ಅಷ್ಟು ಭಾರ.

ಪರೀಕ್ಷಕರು ಮಂಚದಿಂದ ಏಳಲಾಗದೆ ಮಲಗಿದ್ದರು. ಇಪ್ಪತ್ತಾರಾಣೆಯ ದಿನ ಯಾವ ಬಸ್ಸೂ ಇಲ್ಲವೆಂದು ಕೇಳಿ ಇನ್ನಷ್ಟು ನರಳಿದರು. ನಾವೇ ಪುಸ್ತಕ ಒಯ್ದೆವು. ನಡೆದದ್ದನ್ನು ಕೇಳಿ, ಚಂಪಾಳ ಮುಖ ನೋಡಿ, ಮಲಗಿದಲ್ಲೇ ಪೆನ್ನು ಹಿಡಿದು ಒತ್ತಿ ಸಹಿ ಹಾಕಿದರು. ಅದು ಕೆಳಗಿನ ಮೂರು ಹಾಳೆಯಲ್ಲಿ ಅಚ್ಚಾಯಿತು. "ನನ್ನ ಕೈ ಅಲ್ಲಮ್ಮಾ ಇದು, ನಿಮ್ಮೂರೇ ಸಹಿ ಹಾಕಿದ್ದು" ಎಂದರು.

ಭಾರದ ದಿನದ ಮರುದಿನ ಸಾಮಾನ್ಯವಾಗಿ ಹಗುರ. ಬೆಳಗ್ಗೆ ಏಳೇ ಪೆಟ್ಟು ಬಿತ್ತು, ಮೂಟೆಗಳನ್ನು ಆಡಾಡುತ್ತಾ ಇಳಿಸಿದೆವು. ಹರೆಯದವರು ಕಮರಿಯನ್ನು ಬೇಕಾದರೆ ಒಂಟಿಗಾಲಲ್ಲಿ ಹಾರಬಹುದಿತ್ತು. ಆದರೂ ಒಬ್ಬರೂ ಹಾರುಗಲ್ಲಿನ ಕಡೆ ಹೋಗಲಿಲ್ಲ. ಎಲ್ಲರೂ ಸೇತುವೆಯ ಮುಂದೆ ಸಾಲಾಗಿ ನಿಂತರು. ಮೊದಲು ಹತ್ತಿದವಳು ದೊಡ್ಡತಾಯಮ್ಮ. ಒಂದು ಕೈಯಲ್ಲಿ ಕೋಲು, ಮಡಿಲಲ್ಲಿ ಬಿಸಿ ಮಂಡಕ್ಕಿ. ಚಂಪಾ ಈಚೆ ತುದಿಯಲ್ಲಿ ನಿಂತು ಅಜ್ಜಿಯ ಒಂದೊಂದು ಹೆಜ್ಜೆಯನ್ನೂ ನೋಡುತ್ತಿದ್ದಳು. ಅವಳ ತುಟಿ ಇನ್ನೂ ಏನೋ ಎಣಿಸುತ್ತಲೇ ಇತ್ತು. ಆ ತುದಿಯಿಂದ ಚಿಕ್ಕತಾಯಮ್ಮ ಬಂದಳು. ನಡುಮಧ್ಯದಲ್ಲಿ, ಗುಂಡಿನ ದಾರ ಕಟ್ಟಿದ್ದ ಜಾಗದಲ್ಲೇ, ಅಕ್ಕತಂಗಿಯರು ಒಬ್ಬರಿಗೊಬ್ಬರು ಮೊಳದಷ್ಟು ದೂರದಲ್ಲಿ ನಿಂತರು.

"ಚೆನ್ನಾಗಿದೀಯೇನೇಏಏ!" ಎಂದು ದೊಡ್ಡತಾಯಮ್ಮ ಎದೆ ಬಿರಿಯುವಂತೆ ಕೂಗಿದಳು.

"ಚೆನ್ನಾಗಿದೀನಿ ಕಣಕ್ಕಾಆಆ!" ಎಂದು ಚಿಕ್ಕತಾಯಮ್ಮ ಅಷ್ಟೇ ಜೋರಾಗಿ ಕೂಗಿದಳು.

ಎರಡು ದಡದ ಜನವೂ ಹೋ ಎಂದು ನಕ್ಕರು. ಅವರಿಬ್ಬರಿಗೆ ಯಾಕೆ ನಗುತ್ತಿದ್ದಾರೆಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ದೊಡ್ಡತಾಯಮ್ಮ ಕೋಲನ್ನು ಬಗಲಿಗೆ ಸೇರಿಸಿ, ತಂಗಿಯ ಕೆನ್ನೆಯ ಮೇಲೆ ಕೈಯಿಟ್ಟು, ಏನೋ ಹೇಳಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮಾತು ನಮಗ್ಯಾರಿಗೂ ಕೇಳಿಸಲಿಲ್ಲ.